ಗಂಗಕ್ಕನ ಕಣ್ಣು, ಭಾವನ ಅನುಮಾನ

ನಮ್ಮ ಊರಲ್ಲಿ ಹಾಲಿಗೆ ನೀರು ಬೆರೆಸಿ ದಕ್ಕಿಸಿಕೊಂಡವರು ಯಾರೂ ಇಲ್ಲ. ಲಕ್ಷ್ಮೀನರಸಿಂಹಯ್ಯನವರು ಇಪ್ಪತ್ತೆರಡು ವರ್ಷ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡಿದ್ದೇ ಅದಕ್ಕೆ ಕಾರಣ. ಮಿಷನ್ನು ಬರುವುದಕ್ಕೆ ಮುಂಚೆ ಅವರ ಹೆಬ್ಬೆರಳ ಉಗುರೇ ಮಿಷನ್ನು. ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಳ್ಳುತ್ತಿದ್ದರು. ನಿಂತರೆ ಹಾಲು, ಜಾರಿದರೆ ನೀರು. ಆಮೇಲೆ ಡೈರಿಗೆ ಮಿಷನ್ನು ಬಂತು, ಇವರು ಕೆಲಸ ಬಿಟ್ಟು ತೆಂಗಿನ ತೋಟ ನೋಡಿಕೊಂಡರು. ಅನುಮಾನಪಡುವ ಅಭ್ಯಾಸ ಮಾತ್ರ ಬಿಡಲಿಲ್ಲ. ತರಕಾರಿಯವನ ತಕ್ಕಡಿ, ಗೊಬ್ಬರದ ಚೀಲ, ಬೀಗರ ಮಾತು, ಎಲ್ಲದರಲ್ಲೂ ಅವರಿಗೆ ನೀರೇ ಕಾಣುತ್ತಿತ್ತು.

ನಾನು ಶಶಿರೇಖಾ. ಗುಬ್ಬಿಯಿಂದ ಎಂಟು ಕಿಲೋಮೀಟರ್ ಒಳಗಿರುವ ಈ ಊರಿನ ಆಶಾ ಕಾರ್ಯಕರ್ತೆ. ಲಕ್ಷ್ಮೀನರಸಿಂಹಯ್ಯನವರ ಹೆಂಡತಿ ಗಂಗಲಕ್ಷ್ಮಮ್ಮ ನಮ್ಮ ಸ್ತ್ರೀಶಕ್ತಿ ಸಂಘದ ಹಳೇ ಸದಸ್ಯೆ. ನಾನು ಆಕೆಯನ್ನು ಗಂಗಕ್ಕ ಅನ್ನುತ್ತೇನೆ, ಅವರನ್ನು ಭಾವ ಅನ್ನುತ್ತೇನೆ. ನೆಂಟಸ್ತಿಕೆ ಏನೂ ಇಲ್ಲ, ಬಾಯಿಮಾತಿನ ಸಲಿಗೆ ಅಷ್ಟೆ.

ಗಂಗಕ್ಕನ ಎಡಗಣ್ಣು ಚಿಕ್ಕಂದಿನಲ್ಲೇ ತೆಂಗಿನ ಗರಿ ಚುಚ್ಚಿ ಹೋಗಿತ್ತು. ಉಳಿದದ್ದು ಬಲಗಣ್ಣು ಒಂದೇ. ಅದಕ್ಕೂ ಪೊರೆ ಬಂತು. ಹೋದ ವರ್ಷ ಅಕ್ಕಿಯಲ್ಲಿ ಕಲ್ಲು ಕಾಣುತ್ತಿರಲಿಲ್ಲ, ಈ ವರ್ಷ ಮುಂದೆ ನಿಂತವರ ಮುಖ ಕಾಣದಾಯಿತು. ತುಮಕೂರಿನ ಒಂದು ಆಸ್ಪತ್ರೆಯವರು ಪೊರೆ ಆಪರೇಷನ್ನಿಗೆ ಪುಕ್ಕಟೆ ಕ್ಯಾಂಪ್ ಇಟ್ಟರು, ಜನರನ್ನು ಕರೆದೊಯ್ಯಲು ವ್ಯಾನನ್ನೂ ಗೊತ್ತು ಮಾಡಿದರು. ನಾನು ಅವರ ಮನೆಗೆ ಮೂರು ಸಲ ಹೋಗಿ ಹೇಳಿದೆ. ಭಾವ ಮೂಗು ಮುರಿದರು. ಪುಕ್ಕಟೆ ಅಂದರೆ ಹಳೇ ಲೆನ್ಸು ಹಾಕುತ್ತಾರೆ ಅಂದರು, ಕಾಲೇಜು ಹುಡುಗರು ಕೈ ಪಳಗಿಸಿಕೊಳ್ಳುತ್ತಾರೆ ಅಂದರು. ಅಲ್ಲಿಗೂ ನಿಲ್ಲಿಸಲಿಲ್ಲ. ಡೈರಿ ಮುಂದೆ ಜನ ಕ್ಯಾನು ಹಿಡಿದು ನಿಂತಿರುವಾಗ, "ಶಶಿಗೆ ವ್ಯಾನ್ ತುಂಬಿಸ್ಬೇಕಲ್ಲ, ಅದಕ್ಕೇ ಬೀದಿ ಬೀದಿ ತಿರುಗ್ತಾವ್ಳೆ" ಅಂದುಬಿಟ್ಟರು. ನನಗೆ ಅದು ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಈ ಮುಳ್ಳಿನ ವಿಷಯ ಮುಂದೆ ಮತ್ತೆ ಹೇಳಬೇಕಾಗುತ್ತದೆ, ನನ್ನ ತಪ್ಪು ಅದರಲ್ಲೇ ಇದೆ.

ಕೊನೆಗೆ ಗಂಗಕ್ಕ ಗಂಡನನ್ನು ಕೇಳದೆ ಬಂದು ವ್ಯಾನ್ ಹತ್ತಿದಳು. ಸೋಮವಾರ ಆಪರೇಷನ್ ಆಯಿತು. ಮಂಗಳವಾರ ಪಟ್ಟಿ ಬಿಚ್ಚಿದರು. ಮನೆಗೆ ಬಂದವಳು ಸೊಸೆ ಬಿಂದುಶ್ರೀಯ ಮುಖ ಹಿಡಿದು ನೋಡಿ, ಇಷ್ಟು ಬಡವಾಗಿದ್ದೀಯಲ್ಲ ತಾಯಿ, ನಂಗೆ ಗೊತ್ತೇ ಆಗಲಿಲ್ಲ ಅಂದಳಂತೆ. ಆ ಹುಡುಗಿ ಅತ್ತುಬಿಟ್ಟಳು.

ಆಸ್ಪತ್ರೆಯವರು ಎರಡು ಬಾಟಲಿ ಹನಿ ಔಷಧಿ ಕೊಟ್ಟಿದ್ದರು. ಒಂದು ನೀರಿನಂತೆ ತಿಳಿ, ಇನ್ನೊಂದು ಹಾಲಿನಂತೆ ಬಿಳಿ. ಬಿಳಿಯದನ್ನು ಚೆನ್ನಾಗಿ ಅಲ್ಲಾಡಿಸಿ ಹಾಕಬೇಕು, ಕೈ ಸೋಪಿನಲ್ಲಿ ತೊಳೆದು ಹಾಕಬೇಕು, ಬಾಟಲಿಯ ಮೂತಿ ಕಣ್ಣಿಗಾಗಲಿ ಕೈಗಾಗಲಿ ತಾಗಬಾರದು ಅಂತ ನರ್ಸಮ್ಮ ಬಿಂದುಶ್ರೀಗೆ ಹೇಳಿಕೊಟ್ಟಿದ್ದರು. ಒಂದು ಕಾರ್ಡು ಕೊಟ್ಟು, ನೋವಾದರೆ, ಕೆಂಪಾದರೆ, ಮಂಜಾದರೆ ಆ ಗಳಿಗೆಯಲ್ಲೇ ಇದರಲ್ಲಿರೋ ನಂಬರಿಗೆ ಫೋನ್ ಮಾಡಿ ಅಂದಿದ್ದರು. ಬಿಂದುಶ್ರೀ ಹೇಳಿದಷ್ಟನ್ನೂ ಮಾಡಿದಳು.

ಬುಧವಾರ ಬೆಳಿಗ್ಗೆ ಭಾವ ಕೊಟ್ಟಿಗೆಯಿಂದ ಬಂದವರು ಗೂಡಿನಲ್ಲಿದ್ದ ಬಿಳಿ ಬಾಟಲಿ ಎತ್ತಿ ನೋಡಿದರು. ಅಲ್ಲಾಡಿಸದೆ ಇಟ್ಟಿದ್ದರಿಂದ ಔಷಧಿ ತಳಕ್ಕೆ ಇಳಿದಿತ್ತು, ಮೇಲೆ ತಿಳಿ ನಿಂತಿತ್ತು. ಬೇರೆಯವರಿಗಾದರೆ ಅದು ಔಷಧಿ. ಇಪ್ಪತ್ತೆರಡು ವರ್ಷ ಹಾಲು ನೋಡಿದ ಕಣ್ಣಿಗೆ ಅದು ನೀರು ಬೆರೆಸಿದ ಹಾಲು. ಮುಚ್ಚಳ ತೆಗೆದರು, ಬಾಟಲಿಯ ಮೂತಿಯನ್ನು ಹೆಬ್ಬೆರಳ ಉಗುರಿಗೆ ಒತ್ತಿ ಒಂದು ಹನಿ ಬಿಟ್ಟುಕೊಂಡರು. ಹನಿ ಜಾರಿತು. ತಲೆದೂಗಿ ಬಾಟಲಿಯನ್ನು ಇದ್ದಲ್ಲೇ ಇಟ್ಟರು.

ಒಂದು ದಿನದ ಪರೀಕ್ಷೆ ಸಾಕಾಗಲಿಲ್ಲ. ಗುರುವಾರವೂ ನೋಡಿದರು, ಶುಕ್ರವಾರವೂ ನೋಡಿದರು. ಆಸ್ಪತ್ರೆಯವರು ನೀರು ಬೆರೆಸಿದರೋ, ಸೊಸೆ ಚೆಲ್ಲಿಕೊಂಡು ನೀರು ತುಂಬಿಸಿದಳೋ ಅನ್ನುವುದಷ್ಟೇ ಅವರಿಗೆ ಬಗೆಹರಿಯದೆ ಉಳಿದಿದ್ದು. ಗುರುವಾರ ಬಿಂದುಶ್ರೀ ಕಣ್ಣಿಗೆ ಇದು ಬಿತ್ತು. ಮಾವ, ಅದರ ಮೂತಿ ಎಲ್ಲಿಗೂ ತಾಗಬಾರದಂತೆ ಅಂದಳು. ನಿನ್ನ ಅಪ್ಪನಿಗಿಂತ ದೊಡ್ಡವನು ನಾನು, ನನಗೇ ಪಾಠ ಹೇಳಬೇಡ ಅಂತ ಗದರಿದರು. ಬಿಂದುಶ್ರೀ ಬಾಟಲಿಯ ಮೂತಿಯನ್ನು ಸೆರಗಿನಲ್ಲಿ ಒರೆಸಿ, ಅದನ್ನೇ ಅತ್ತೆಯ ಕಣ್ಣಿಗೆ ಹಾಕಿದಳು. ಒರೆಸಿದರೆ ಚೊಕ್ಕವಾಗುತ್ತದೆ ಅಂತ ಅವಳ ಲೆಕ್ಕ. ಸೆರಗೂ ಚೊಕ್ಕವಲ್ಲ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಗಂಗಕ್ಕನ ಕಣ್ಣು ನೋಯತೊಡಗಿತು. ಆಸ್ಪತ್ರೆಯ ಕಪ್ಪು ಕನ್ನಡಕ ಹಾಕಿಕೊಂಡಿದ್ದರಿಂದ ಯಾರಿಗೂ ಕಾಣಲಿಲ್ಲ. ಅವಳೂ ಹೇಳಲಿಲ್ಲ. ಹೇಳಿದರೆ ಗಂಡ, ನಾನು ಬೇಡ ಅಂದಿರಲಿಲ್ವಾ ಅನ್ನುತ್ತಾನಲ್ಲ, ಆ ಮಾತಿಗೆ ಹೆದರಿದಳು. ಹನ್ನೊಂದು ಗಂಟೆಗೆ ಬೆಳಕು ನೋಡಲಾಗದೆ ಗೋಡೆ ಕಡೆ ತಿರುಗಿ ಕೂತಾಗ ಬಿಂದುಶ್ರೀ ಕನ್ನಡಕ ತೆಗೆಸಿದಳು. ಕಣ್ಣು ಕೆಂಪಾಗಿತ್ತು, ನೀರು ಸುರಿಯುತ್ತಿತ್ತು. ನಿನ್ನೆ ಕ್ಯಾಲೆಂಡರಿನ ಅಂಕಿ ಓದಿದ್ದ ಗಂಗಕ್ಕ, ಇವತ್ತು ನಿನ್ನ ಮುಖ ಹೊಗೆಯೊಳಗೆ ಇದ್ದ ಹಾಗಿದೆ ಕಣವ್ವ ಅಂದಳು.

ಕಾರ್ಡು ಗೋಡೆಯ ಮೊಳೆಗೇ ನೇತುಹಾಕಿತ್ತು. ಅದರಲ್ಲಿ ನಂಬರೂ ಇತ್ತು. ಬಿಂದುಶ್ರೀ ಫೋನ್ ಎತ್ತಿಕೊಂಡಳು. ಭಾವ ಕಿತ್ತುಕೊಂಡರು.

"ಕೆಡಿಸಿದೋರ್ಗೇ ಫೋನ್ ಮಾಡಿದ್ರೆ, ನಾವೇ ಕೆಡ್ಸಿದ್ವಿ ಅಂತ ಒಪ್ಕಂತಾರಾ? ಮೊದ್ಲು ಇದು ಯಾರ ಕೆಲ್ಸ ಅಂತ ಗೊತ್ತಾಗ್ಲಿ ಇರು."

ವಿಚಾರಣೆ ಶುರುವಾಯಿತು. ಗುರುವಾರ ಬದನೆಕಾಯಿ ಹುಳಿ ಮಾಡಿದ್ದು ಯಾಕೆ, ನಂಜು ಅಂತ ಗೊತ್ತಿರಲಿಲ್ಲವಾ ಅಂತ ಸೊಸೆಯನ್ನು ಕೇಳಿದರು. ತಲೆಗೆ ನೀರು ಹಾಕಿಕೊಂಡೆಯಾ ಅಂತ ಹೆಂಡತಿಯನ್ನು ಕೇಳಿದರು. ಎರಡೂ ಬಾಟಲಿಗಳನ್ನು ಸಾಕ್ಷಿಗೆ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿಗೆ ಹಾಕಿ ಬೀಗ ಜಡಿದರು. ಅಲ್ಲಿಗೆ ಕಣ್ಣಿಗೆ ಬೀಳುತ್ತಿದ್ದ ಔಷಧಿಯೂ ನಿಂತಿತು. ಕುಣಿಗಲ್‌ನಲ್ಲಿರುವ ಗಂಗಕ್ಕನ ತಂಗಿ ಸಿದ್ದಲಕ್ಷ್ಮಮ್ಮನಿಗೆ ಫೋನ್ ಹೋಯಿತು. ಆಯಮ್ಮನಿಗೆ ಎರಡು ವರ್ಷದ ಹಿಂದೆ ಇದೇ ಆಪರೇಷನ್ ಆಗಿತ್ತು. ನನಗೂ ಕೆಂಪಾಗಿತ್ತು, ನಾಕು ದಿನಕ್ಕೆ ತಾನೇ ಹೋಯಿತು, ಸುಮ್ಮನೆ ಗಾಬರಿ ಬೀಳಬೇಡಿ ಅಂದಳು. ಅವಳದು ಮೊದಲ ದಿನ ಕೆಂಪಾಗಿ ದಿನೇ ದಿನೇ ಇಳಿದದ್ದು, ಇವಳದು ಚೆನ್ನಾಗಿದ್ದದ್ದು ಐದನೇ ದಿನಕ್ಕೆ ಏರಿದ್ದು. ಎರಡಕ್ಕೂ ಅಜಗಜಾಂತರ. ಅದನ್ನು ಯಾರೂ ಕೇಳಲಿಲ್ಲ. ಫೋನ್ ಇಡುವ ಮುಂಚೆ ಸಿದ್ದಲಕ್ಷ್ಮಮ್ಮ, ಯಾವುದಕ್ಕೂ ಸೊಸೆ ಕೈಲಿ ಔಷಧಿ ಹಾಕಿಸ್ಕೋಬೇಡ ಅಂತ ಒಂದು ಮಾತು ಸೇರಿಸಿದಳು. ಬಿಂದುಶ್ರೀ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

ಸಂಜೆ ಮಾವ ಕೊಟ್ಟಿಗೆಗೆ ಹೋದಾಗ ಆ ಹುಡುಗಿ ಫೋನ್ ಎತ್ತಿಕೊಂಡು ಹಿತ್ತಲಿಗೆ ಬಂದು ನನಗೆ ಮಾಡಿದಳು. ಈಗ ನನ್ನ ತಪ್ಪು ಹೇಳುತ್ತೇನೆ. ಅತ್ತೆ ಕಣ್ಣು ನೋಯ್ತಿದೆ ಅಕ್ಕ, ಬರ್ತೀರಾ ಅಂದಾಗ ನನಗೆ ಡೈರಿ ಮುಂದೆ ಕೇಳಿದ ಮಾತು ನೆನಪಾಯಿತು. ನಿಮ್ಮ ಮಾವ ಬಲು ತಿಳಿದವರಲ್ಲ, ಅವರನ್ನೇ ಕೇಳು, ನಾನು ನಾಳೆ ನೋಡ್ತೀನಿ ಅಂದೆ. ನಾನೇ ಊರೂರಿಗೆ ಹೇಳಿಕೊಡುವವಳು, ನೋವು ಅಂದ ಕೂಡಲೇ ಆಸ್ಪತ್ರೆ ಅಂತ. ನನ್ನ ರೋಷಕ್ಕೆ ಗಂಗಕ್ಕನ ಕಣ್ಣು ಒಂದು ರಾತ್ರಿ ಕಾಯಿತು. ನೆನೆಸಿಕೊಂಡರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಭಾನುವಾರ ಬೆಳಿಗ್ಗೆ ಏಳಕ್ಕೇ ಹೋದೆ. ರೆಪ್ಪೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಕಣ್ಣಿನ ಬಿಳಿಯೆಲ್ಲ ರಕ್ತದ ಬಣ್ಣ. ಕಪ್ಪುಗುಡ್ಡೆಯ ಮೇಲೆ ಮಬ್ಬು ಕವಿದಿತ್ತು. ಮೂರು ಬೆರಳು ತೋರಿಸಿ ಎಷ್ಟು ಅಂದೆ.

"ಕೈ ಆಡ್ಸೋದು ಕಾಣ್ತದೆ ಶಶಿ. ಬೆರಳು ಕಾಣಾಕಿಲ್ಲ."

ಭಾವ ಬಾಗಿಲಲ್ಲಿ ನಿಂತು, ಬಂದಳಪ್ಪ ವ್ಯಾನಿನವಳು ಅಂದರು. ನಾನು ಮೊಳೆಗೆ ನೇತಾಡುತ್ತಿದ್ದ ಕಾರ್ಡು ತೆಗೆದು ನಂಬರಿಗೆ ಫೋನ್ ಮಾಡಿದೆ. ಭಾನುವಾರ ಆಸ್ಪತ್ರೆಯಲ್ಲಿ ಯಾರಿರುತ್ತಾರೆ ಅಂತ ಭಾವ ಅನ್ನುತ್ತಿರುವಾಗಲೇ ಆ ಕಡೆ ಎತ್ತಿದರು. ಈಗಲೇ ಹೊರಡಿ, ಕಣ್ಣಿಗೆ ಬೇರೆ ಏನೂ ಹಾಕಬೇಡಿ, ಉಜ್ಜಬೇಡಿ, ಹಾಕುತ್ತಿದ್ದ ಔಷಧಿಗಳನ್ನು ಜೊತೆಗೆ ತನ್ನಿ ಅಂದರು.

ಭಾವ ಆಗಲೂ ಜಗಲಿ ಬಿಟ್ಟು ಏಳಲಿಲ್ಲ. ಯಾರ ತಪ್ಪು ಅಂತ ತೀರ್ಮಾನ ಆಗದೆ ಮತ್ತೆ ಅದೇ ಆಸ್ಪತ್ರೆಗೆ ಯಾಕೆ ಅಂದರು. ನನಗೂ ಸಿಟ್ಟು ಬಂತು.

"ಭಾವ, ಹುಲ್ಲಿನ ಮೆದೆಗೆ ಬೆಂಕಿ ಬಿದ್ರೆ, ಹಚ್ಚಿದೋನು ಯಾರು ಅಂತ ಪಂಚಾಯ್ತಿ ಸೇರಿಸ್ತೀರೋ, ನೀರು ತರ್ತೀರೋ? ಅಕ್ಕನಿಗಿರೋದು ಒಂದೇ ಕಣ್ಣು."

ಅವರು ಎದ್ದು ಟ್ರಂಕಿನ ಬೀಗ ತೆಗೆದರು. ನನ್ನ ಮಾತಿಗೆ ಒಪ್ಪಿ ಎದ್ದರು ಅಂದುಕೊಳ್ಳಬೇಡಿ. ಸಾಕ್ಷಿ ಸಮೇತ ಆಸ್ಪತ್ರೆಯವರನ್ನು ಹಿಡಿಯಬೇಕು ಅಂತ ಎದ್ದರು. ಪಕ್ಕದ ಮನೆ ಗೋವಿಂದರಾಜು ತನ್ನ ಓಮ್ನಿ ತೆಗೆದ. ತುಮಕೂರು ಮುಟ್ಟುವವರೆಗೂ ಭಾವ ಆ ಪ್ಲಾಸ್ಟಿಕ್ ಕವರನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದು ಕೂತಿದ್ದರು. ಗಂಗಕ್ಕ ಸೊಸೆಯ ಹೆಗಲಿಗೆ ಒರಗಿದ್ದಳು.

ಡಾಕ್ಟರ್ ಅಮೂಲ್ಯಾ ತುಮಕೂರಿನದೇ ಸದಾಶಿವನಗರದ ತಮ್ಮ ಮನೆಯಿಂದ ನಮಗಿಂತ ಮುಂಚೆಯೇ ಬಂದು ಕಾಯುತ್ತಿದ್ದರು. ಚಿಕ್ಕ ವಯಸ್ಸು, ಮೆತ್ತಗಿನ ಮಾತು. ದೀಪದ ಮಿಷನ್ನಿನಲ್ಲಿ ಗಂಗಕ್ಕನ ಗದ್ದ ಇಡಿಸಿ ನೋಡಿದರು. ಕಣ್ಣಿನ ಒಳಗೆ ಕೀವು ಕಟ್ಟುತ್ತಿದೆ, ಇದು ಮಾಮೂಲಿ ಕೆಂಪಲ್ಲ ಅಂದರು. ಸೂಜಿಯಿಂದ ಒಳಗಿನದು ಒಂದು ಹನಿ ಪರೀಕ್ಷೆಗೆ ತೆಗೆಯಬೇಕು, ಒಳಗಡೆಗೇ ಔಷಧಿ ಕೊಡಬೇಕು, ಈಗಲೇ ಮಾಡಬೇಕು, ಇದಕ್ಕೆ ಗಂಟೆ ಗಂಟೆಯೂ ಲೆಕ್ಕ ಅಂದರು.

ಭಾವ ಪ್ಲಾಸ್ಟಿಕ್ ಕವರು ಬಿಚ್ಚಿ ಮೇಜಿನ ಮೇಲಿಟ್ಟರು.

"ಮೊದ್ಲು ಇದಕ್ಕೆ ಉತ್ತರ ಕೊಡಮ್ಮ. ಇದು ಔಷಧಿ ಅಲ್ಲ, ನೀರು. ಮೂರು ದಿನ ನಾನೇ ಟೆಸ್ಟ್ ಮಾಡಿವ್ನಿ."

"ಹೇಗೆ ಮಾಡಿದ್ರಿ?" ಅಂದರು ಡಾಕ್ಟರು.

ಭಾವ ಹೆಮ್ಮೆಯಿಂದಲೇ ಮಾಡಿ ತೋರಿಸಿದರು. ಬಿಳಿ ಬಾಟಲಿಯ ಮುಚ್ಚಳ ತೆಗೆದು, ಮೂತಿಯನ್ನು ಹೆಬ್ಬೆರಳ ಉಗುರಿಗೆ ಒತ್ತಿ, ಒಂದು ಹನಿ ಬಿಟ್ಟು, ಕೈ ಓರೆ ಮಾಡಿದರು. ಹನಿ ಜಾರಿ ಮಣಿಕಟ್ಟಿಗೆ ಇಳಿಯಿತು. ಉಗುರಿನ ಸಂದಿಯಲ್ಲಿ ಕೊಟ್ಟಿಗೆಯ ಕಪ್ಪು ಹಾಗೇ ಇತ್ತು. ಬಿಂದುಶ್ರೀ ತಲೆ ತಗ್ಗಿಸಿದಳು. ಆ ಗಳಿಗೆಯಲ್ಲಿ ಅವಳು ಬಾಯಿ ಬಿಡಬಹುದಿತ್ತು, ನಾನು ಬೇಡ ಅಂದಿದ್ದೆ ಅನ್ನಬಹುದಿತ್ತು. ಅನ್ನಲಿಲ್ಲ.

ಡಾಕ್ಟರು ಅವರ ಕೈಯಿಂದ ಬಾಟಲಿ ತಗೊಂಡು ಮುಚ್ಚಳ ಹಾಕಿ ಅಲ್ಲಾಡಿಸಿದರು. ಬಾಟಲಿ ಪೂರ್ತಿ ಬೆಳ್ಳಗಾಯಿತು.

"ಇದು ತಳಕ್ಕೆ ಇಳಿಯೋ ಔಷಧಿ, ಅದಕ್ಕೇ ಅಲ್ಲಾಡ್ಸಿ ಅಂತ ಹೇಳೋದು. ಇದ್ರ ಮೂತಿ ಕೈಗೆ ತಾಗಿದ್ರೆ ಕೈಲಿರೋ ಕ್ರಿಮಿ ಇದಕ್ಕೆ ಹತ್ತುತ್ತೆ, ಇದ್ರಿಂದ ಕಣ್ಣಿಗೆ. ಇದ್ರಿಂದ್ಲೇ ಆಯ್ತು ಅಂತ ನಾನು ಆಣೆ ಇಡಲ್ಲ. ಬೇರೆ ಕಡೆಯಿಂದ್ಲೂ ಬರಬಹುದು, ನಮ್ಮ ಆಪರೇಷನ್ ಥಿಯೇಟರ್‌ನಿಂದ್ಲೂ ಬರಬಹುದು. ಅದನ್ನೂ ನಾವು ಚೆಕ್ ಮಾಡ್ತೀವಿ. ಆದ್ರೆ ಅದೆಲ್ಲ ಆಮೇಲೆ. ಈಗ ಕಣ್ಣು ನೋಡೋಣ."

ಭಾವ ತಮ್ಮ ಹೆಬ್ಬೆರಳನ್ನೇ ನೋಡುತ್ತಾ ನಿಂತರು. ಕುಂಬಳಕಾಯಿ ಕಳ್ಳನನ್ನು ಊರೆಲ್ಲ ಹುಡುಕಿದವರಿಗೆ ತಮ್ಮ ಹೆಗಲಿನ ಬೂದಿ ಕಂಡಿತ್ತು. ಆದರೂ ಅನುಮಾನ ಅಷ್ಟು ಸುಲಭವಾಗಿ ಸಾಯುವುದಿಲ್ಲ. ನರ್ಸಮ್ಮ ಒಪ್ಪಿಗೆ ಪತ್ರ ತಂದಾಗ ಅವರು ಹಿಂದೆ ಸರಿದರು. ಕಣ್ಣಿಗೆ ಸೂಜಿ ಅಂತಾರೆ, ಇರೋದೂ ಹೋದ್ರೆ ಏನು ಮಾಡೋದು ಅಂತ ಸಣ್ಣ ಧ್ವನಿಯಲ್ಲಿ ಅಂದರು.

ಗಂಗಕ್ಕ ಕೈ ಚಾಚಿದಳು.

"ಪೇಪರ್ ಇಲ್ಲಿ ಕೊಡವ್ವ. ಕಣ್ಣು ನಂದು. ನಾನೇ ಸೈನ್ ಹಾಕ್ತೀನಿ, ಎಲ್ಲಿ ಹಾಕ್ಬೇಕು ಅಂತ ಬೆರಳು ಇಟ್ಟು ತೋರ್ಸು."

ಬಿಂದುಶ್ರೀ ಅತ್ತೆಯ ಕೈ ಹಿಡಿದು ಜಾಗ ತೋರಿಸಿದಳು. ಕಾಣದ ಕಾಗದದ ಮೇಲೆ ಗಂಗಕ್ಕ ತನ್ನ ಹೆಸರು ಬರೆದಳು. ಅಕ್ಷರ ಸೊಟ್ಟವಾಗಿದ್ದವು, ಒಂದೂ ತಪ್ಪಿರಲಿಲ್ಲ.

ಕಣ್ಣು ಮರಗಟ್ಟಿಸುವ ಔಷಧಿ ಕೊಟ್ಟು ಇಂಜೆಕ್ಷನ್ ಮಾಡಿದರು. ನೋವಾಗಲಿಲ್ಲ, ಒತ್ತಿದ ಹಾಗಾಯಿತು ಅಷ್ಟೆ ಅಂತ ಅವಳೇ ಆಮೇಲೆ ಹೇಳಿದಳು. ಹೊಸ ಬಾಟಲಿ ಕೊಟ್ಟು ಗಂಟೆಗೊಂದು ಸಲ ಹನಿ ಹಾಕಿದರು. ಎರಡು ದಿನ ಬಿಟ್ಟು ಇನ್ನೊಂದು ಇಂಜೆಕ್ಷನ್ ಆಯಿತು. ಕ್ರಿಮಿ ಹಿಡಿತಕ್ಕೆ ಬಂತು ಅಂತ ಖಾತ್ರಿಯಾದ ಮೇಲೆ ಊತ, ಉರಿ ಇಳಿಸುವ ಔಷಧಿ ಶುರು ಮಾಡಿದರು. ಅದನ್ನು ಅಂಗಡಿಯಲ್ಲಿ ಕೇಳಿ ತಂದು ನಾವೇ ಹಾಕಬಾರದು, ನಾವೇ ನಿಲ್ಲಿಸಲೂಬಾರದು ಅಂತ ಡಾಕ್ಟರು ಒತ್ತಿ ಹೇಳಿದರು. ಕೆಲವರಿಗೆ ಇಷ್ಟಕ್ಕೇ ಬಗ್ಗುವುದಿಲ್ಲ, ಕಣ್ಣಿನೊಳಗಿನ ಕೀವು ತೆಗೆಯಲು ಇನ್ನೊಂದು ಆಪರೇಷನ್ನೇ ಬೇಕಾಗುತ್ತದಂತೆ. ನಮ್ಮ ಪುಣ್ಯ, ಗಂಗಕ್ಕನಿಗೆ ಅದು ಬೇಕಾಗಲಿಲ್ಲ. ತುಮಕೂರಿನಲ್ಲಿ ಫ್ಯಾಕ್ಟರಿ ಕೆಲಸ ಮಾಡುವ ಮಗ ರಂಗನಾಥ್ ರಜಾ ಹಾಕಿ ಅಮ್ಮನ ಪಕ್ಕ ಕೂತ. ಹನಿ ಹಾಕುವ ಹೊತ್ತಿಗೆಲ್ಲ ಭಾವ ಎದ್ದು ಹೊರಗೆ ಹೋಗುತ್ತಿದ್ದರು.

ಎರಡು ತಿಂಗಳಾಯಿತು. ಗಂಗಕ್ಕನಿಗೆ ಈಗ ಮುಖ ಕಾಣುತ್ತದೆ. ಬಾಗಿಲಿಗೆ ಬಂದವರು ಯಾರು ಅಂತ ಗೊತ್ತಾಗುತ್ತದೆ, ಕೊಟ್ಟಿಗೆಗೆ ಒಬ್ಬಳೇ ಹೋಗುತ್ತಾಳೆ. ಅಕ್ಕಿಯ ಕಲ್ಲು ಕಾಣುವುದಿಲ್ಲ, ಕ್ಯಾಲೆಂಡರಿನ ಅಂಕಿ ಕಾಣುವುದಿಲ್ಲ. ಕಡೇ ಸಲ ತೋರಿಸಲು ಹೋದಾಗ ಭಾವ ಡಾಕ್ಟರನ್ನು ಒಂದೇ ಮಾತು ಕೇಳಿದರು.

"ಶನಿವಾರ ಬೆಳಿಗ್ಗೇನೇ ಕರ್ಕೊಂಡ್ ಬಂದಿದ್ರೆ?"

ಡಾಕ್ಟರು, "ಇನ್ನೂ ಚೆನ್ನಾಗಿ ಕಾಣ್ತಿತ್ತೇನೋ ಯಜಮಾನ್ರೇ" ಅಂದರು.

ಬರುವಾಗ ದಾರಿಯುದ್ದಕ್ಕೂ ಭಾವ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು. ಗುಬ್ಬಿ ದಾಟಿದ ಮೇಲೆ ಬಿಂದುಶ್ರೀಗೆ, "ನನಗೂ ಪೊರೆ ಬಂದದಂತೆ ಕಣವ್ವ. ಆಪರೇಷನ್ ಮಾಡಿಸ್ಕಂಡ್ರೆ ಔಷಧಿ ನೀನೇ ಹಾಕ್ಬೇಕು. ನಾನು ಬಾಟ್ಲಿ ಮುಟ್ಟಕಿಲ್ಲ" ಅಂದರು. ಆಗಲಿ ಮಾವ ಅಂದಳು ಅವಳು.

ಸಂಘದ ಮಹಿಳೆಯರು ಇದನ್ನೆಲ್ಲ ಬರೆದು ಹಂಚೋಣ ಅಂದಾಗ, ನಾನು ಹೆಸರು ಬದಲಾಯಿಸಿ ಬರೆಯುತ್ತೇನೆ ಅಂತ ಭಾವನಿಗೆ ಹೇಳಿದೆ. ಬೇಡ ಅಂದರು. ಡೈರಿ ಲಕ್ಷ್ಮೀನರಸಿಂಹಯ್ಯ ಅಂತಲೇ ಬರಿ, ಸುತ್ತ ಹತ್ತೂರಿಗೆ ಗುರುತು ಸಿಗಲಿ, ನಾನು ಮಾಡಿದ್ದನ್ನು ಇನ್ನೊಬ್ಬ ಮಾಡದಿರಲಿ ಅಂದರು. ಹಾಗೇ ಬರೆದಿದ್ದೇನೆ. ನನ್ನ ತಪ್ಪನ್ನೂ ಬಿಟ್ಟಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ಪೊರೆ ಆಪರೇಷನ್ನಿಗೆ ಹೆದರಬೇಡಿ. ಅದು ನೂರಾರು ಜನಕ್ಕೆ ಬೆಳಕು ಕೊಟ್ಟಿದೆ, ಗಂಗಕ್ಕನ ಹಾಗೆ ಆಗುವುದು ಬಹಳ ಅಪರೂಪ. ಆಪರೇಷನ್ ಆದ ಕಣ್ಣು ದಿನದಿಂದ ದಿನಕ್ಕೆ ಹಗುರವಾಗಬೇಕು. ಹಾಗಾಗದೆ ನೋವು ಏರಿದರೆ, ಕೆಂಪು ಹೆಚ್ಚಿದರೆ, ರೆಪ್ಪೆ ಊದಿದರೆ, ಕೀವು ಬಂದರೆ, ಕಾಣುತ್ತಿದ್ದದ್ದು ಮಬ್ಬಾದರೆ, ನೋವಿಲ್ಲದೆ ಬರೀ ಮಬ್ಬಾದರೂ ಸರಿ, ಅದನ್ನು ಅನುಮಾನಿಸಿ. ಸೊಸೆಯನ್ನು, ಅತ್ತೆಯನ್ನು, ಬದನೆಕಾಯಿಯನ್ನು ಅನುಮಾನಿಸುತ್ತಾ ಕೂರಬೇಡಿ. ಆಸ್ಪತ್ರೆಯ ಮೇಲೇ ಸಂಶಯ ಇದ್ದರೆ ಇನ್ನೊಂದು ಕಣ್ಣಿನ ಆಸ್ಪತ್ರೆಗೆ ಹೋಗಿ, ಆದರೆ ಆ ಗಳಿಗೆಯಲ್ಲೇ ಹೋಗಿ. ಭಾನುವಾರ, ಹಬ್ಬ, ಅಮಾವಾಸ್ಯೆ ಅನ್ನಬೇಡಿ.

ನಿಮ್ಮ ಮನೆಯಲ್ಲಾಗಲಿ ಪಕ್ಕದ ಮನೆಯಲ್ಲಾಗಲಿ ಈಚೆಗೆ ಕಣ್ಣು ಆಪರೇಷನ್ ಮಾಡಿಸಿಕೊಂಡವರು ಇದ್ದಾರಾ? ಇದ್ದರೆ ಈ ಹಾಳೆ ಇಲ್ಲೇ ಇಡಿ. ಎದ್ದು ಹೋಗಿ, ಕಪ್ಪು ಕನ್ನಡಕ ತೆಗೆಸಿ, ಆ ಕಣ್ಣನ್ನು ನೀವೇ ಒಂದು ಸಲ ನೋಡಿ.